‘ಬ್ರಿಟಿಷರ ಕಾಲದ್ದು’ ಎಂಬ ಸೋಮಾರಿ ವಿಮರ್ಶೆ

ಮಳೆಗಾಲ ಹಿಡಿಯುವುದಕ್ಕೆ ಸ್ವಲ್ಪ ಮುಂಚೆ, ವಿನೋಬನಗರದಲ್ಲಿ ನಮ್ಮ ಮನೆಯಿಂದ ಎರಡು ಕ್ರಾಸ್ ಆಚೆ ಒಂದು ಹಳೆಯ ಮನೆಯನ್ನು ಕೆಡವುತ್ತಿದ್ದರು. ಮುಂದೆ ಕಮಾನಿನ ವರಾಂಡ, ಎರಡು ದುಂಡು ಕಂಬ, ರೆಡ್ ಆಕ್ಸೈಡ್ ನೆಲ, ಕಿಟಕಿಗಳ ಮೇಲೆ ಅಗಲವಾದ ಛಜ್ಜಾ, ಸೂರಿಗೆ ತಾಗಿದಂತೆ ಸಣ್ಣ ಸಣ್ಣ ವೆಂಟಿಲೇಟರ್. ನೋಡುತ್ತ ನಿಂತಿದ್ದ ಕಾಲೇಜು ಹುಡುಗನೊಬ್ಬ “ಬ್ರಿಟಿಷರ ಕಾಲದ ಮನೆ ಅಂಕಲ್, ಪಾಪ” ಅಂದ. ಪಕ್ಕದಲ್ಲಿದ್ದ ಹಿರಿಯರು “ಅದಕ್ಕೇ ನೋಡು ಇಷ್ಟು ಗಟ್ಟಿ, ಜೆಸಿಬಿಗೂ ಬಗ್ತಾ ಇಲ್ಲ” ಅಂದರು. ಇಬ್ಬರೂ ಮರುಕದಿಂದಲೇ ಆಡಿದ ಮಾತು. ಆದರೆ ವಿನೋಬಾ ಭಾವೆಯವರ ಭೂದಾನ ಶುರುವಾದದ್ದೇ 1951ರಲ್ಲಿ. ಅವರ ಹೆಸರು ಹೊತ್ತ ಬಡಾವಣೆಯಲ್ಲಿ ನಿವೇಶನ ಹಿಡಿದು ಕಟ್ಟಿದ ಮನೆ ಬ್ರಿಟಿಷರ ಕಾಲದ್ದು ಆಗುವುದು ಹೇಗೆ?

ನಕ್ಕು ಸುಮ್ಮನಾಗಬಹುದಿತ್ತು. ಆಗಲಿಲ್ಲ, ಯಾಕೆಂದರೆ ಅದೇ ಮಾತನ್ನು ನಾನೂ ಬರೆದಿದ್ದೇನೆ. ವಿದ್ಯಾರ್ಥಿಯಾಗಿದ್ದಾಗ ಬೆಂಗಳೂರಿನ ಅಠಾರಾ ಕಚೇರಿಯ ಮೇಲೆ ಬರೆದ ಪುಟ್ಟ ಲೇಖನಕ್ಕೆ ‘ಬ್ರಿಟಿಷರು ಬಿಟ್ಟುಹೋದ ಕೆಂಪು ಉಡುಗೊರೆ’ ಎಂದು ತಲೆಬರಹ ಕೊಟ್ಟಿದ್ದೆ. ಆಗ ಅದು ಬಲು ಚಂದ ಅನಿಸಿತ್ತು. ಈಗ ಓದಿದರೆ ಆ ನಾಲ್ಕು ಪದಗಳಲ್ಲಿ ‘ಕೆಂಪು’ ಒಂದನ್ನು ಬಿಟ್ಟು ಉಳಿದದ್ದೆಲ್ಲ ತಪ್ಪು. ಕಮಾನು, ಕಂಬ, ದಪ್ಪ ಗೋಡೆ ಕಂಡ ಕೂಡಲೇ ನಾವು ಆಡುವ ‘ಬ್ರಿಟಿಷರ ಕಾಲದ್ದು’ ಎಂಬ ಮಾತು ಬರೀ ಮಾಹಿತಿಯಲ್ಲ, ಅದೊಂದು ವಿಮರ್ಶೆ. ಕೃತಿಯನ್ನು ಓದದೆ ಮುಖಪುಟ ನೋಡಿ ಬರೆದ ವಿಮರ್ಶೆ. ಅದು ಏನೇನನ್ನು ಮರೆಮಾಡುತ್ತದೆ, ಆ ಮರೆವಿನಿಂದ ನಮಗೆ ಆಗುತ್ತಿರುವ ನಷ್ಟವೇನು ಎಂಬುದನ್ನು ಕೆಲವು ಕಟ್ಟಡಗಳನ್ನು ಹಿಡಿದು ನೋಡಬೇಕೆಂದಿದ್ದೇನೆ.

ಅಠಾರಾ ಕಚೇರಿಯಿಂದಲೇ ಶುರುಮಾಡೋಣ. 1868ರಲ್ಲಿ ಮುಗಿದ ಕಟ್ಟಡ. ಇಂಗ್ಲೆಂಡಿನಲ್ಲಿ ವಿಕ್ಟೋರಿಯಾ ಪಟ್ಟದಲ್ಲಿದ್ದದ್ದು 1837ರಿಂದ 1901ರವರೆಗೆ. ಆ ಲೆಕ್ಕಕ್ಕೆ ಇದು ವಿಕ್ಟೋರಿಯನ್ ಕಾಲದ್ದೇ. ನಕ್ಷೆಯ ಶ್ರೇಯ ಮುಖ್ಯ ಎಂಜಿನಿಯರ್ ರಿಚರ್ಡ್ ಸ್ಯಾಂಕಿಗೆ ಸಲ್ಲುತ್ತದೆ. ಮುಖಮಂಟಪದ ಅಯೋನಿಕ್ ಕಂಬಗಳು ಗ್ರೀಕರವು. ಇಷ್ಟನ್ನೇ ಬರೆದು ನಾನು ಅಂದು ಲೇಖನ ಮುಗಿಸಿದ್ದೆ. ಆದರೆ ಕಟ್ಟುವ ಗುತ್ತಿಗೆ ಹಿಡಿದವರು ಆರ್ಕಾಟ್ ನಾರಾಯಣಸ್ವಾಮಿ ಮೊದಲಿಯಾರ್. ಬೆಂಗಳೂರಿನಲ್ಲಿ ಇಂದಿಗೂ ಅವರ ಹೆಸರಿನ ಶಾಲಾ ಕಾಲೇಜುಗಳಿವೆ. ಹದಿನೆಂಟು ಇಲಾಖೆಗಳು ಕೂತದ್ದರಿಂದ ಜನ ಕಟ್ಟಡಕ್ಕೆ ಇಟ್ಟ ಹೆಸರು ಹಿಂದುಸ್ತಾನಿಯದು. ಗ್ರೀಕರ ಮುಖ, ಇಂಗ್ಲಿಷ್ ನಕ್ಷೆ, ತಮಿಳು ಮೂಲದ ಗುತ್ತಿಗೆದಾರ, ಹಿಂದುಸ್ತಾನಿ ಹೆಸರು, ಒಳಗೆ ಕನ್ನಡನಾಡಿನ ಕಂದಾಯದ ಕಡತ. ಇದನ್ನು ಒಬ್ಬರ ಉಡುಗೊರೆ ಅನ್ನುವುದು ಹೇಗೆ?

ಇನ್ನೊಂದು ಸಂಗತಿ ನನ್ನಂಥ ಶಿವಮೊಗ್ಗದವನಿಗೆ ಮೊದಲು ಹೊಳೆಯಬೇಕಿತ್ತು, ಹೊಳೆಯಲಿಲ್ಲ. ಆ ಕಟ್ಟಡದ ಬೇರು ನಮ್ಮ ಮಲೆನಾಡಿನಲ್ಲಿದೆ. 1830-31ರಲ್ಲಿ ನಗರ ಸೀಮೆಯ ರೈತರು ಕಂದಾಯದ ಹೊರೆ ತಾಳಲಾರದೆ ದಂಗೆ ಎದ್ದರು. ಕೆಳದಿಯ ಗಾದಿಗೆ ಹಕ್ಕು ಹೇಳಿದ ಬೂದಿ ಬಸವಪ್ಪ ಅದರ ಮುಂದಾಳಾದ. ಆ ದಂಗೆಯನ್ನೇ ನೆಪ ಮಾಡಿ 1831ರಲ್ಲಿ ಗವರ್ನರ್ ಜನರಲ್ ಬೆಂಟಿಂಕ್ ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಆಡಳಿತ ಕಿತ್ತುಕೊಂಡ. ಅಲ್ಲಿಂದ 1881ರವರೆಗೆ ಐವತ್ತು ವರ್ಷ ಕಮಿಷನರುಗಳ ಆಳ್ವಿಕೆ. ಅವರ ಕಚೇರಿಗಳು ಮೊದಲು ಬೆಂಗಳೂರಿನ ಕೋಟೆಯಲ್ಲಿ, ಟಿಪ್ಪುವಿನ ಮರದ ಅರಮನೆಯಲ್ಲಿ ನಡೆಯುತ್ತಿದ್ದವು. ಕಡತ ಬೆಳೆದು ಅರಮನೆ ಸಾಲದಾದಾಗ ಅಠಾರಾ ಕಚೇರಿ ಎದ್ದಿತು. ಹೊಸನಗರದ ಕಡೆಯ ರೈತ ತೆರಿಗೆ ಕೊಡಲಾರೆ ಎಂದದ್ದಕ್ಕೂ ಕಬ್ಬನ್ ಪಾರ್ಕಿನ ಅಂಚಿನ ಕೆಂಪು ಕಂಬಸಾಲಿಗೂ ಹೀಗೆ ನೇರ ಸಂಬಂಧವಿದೆ. ಇದು ಗೊತ್ತಾದ ಮೇಲೆ ಆ ಕಟ್ಟಡ ನನಗೆ ಕಡಿಮೆ ಸುಂದರವಾಗಿ ಕಾಣಲಿಲ್ಲ. ಹೆಚ್ಚು ನನ್ನದಾಗಿ ಕಂಡಿತು, ಹೆಚ್ಚು ಭಾರವಾಗಿಯೂ ಕಂಡಿತು.

‘ಕಾಲದ್ದು’ ಎಂಬ ಮಾತಿನ ಎರಡನೆಯ ತೊಡಕು ಇದು: ಶೈಲಿ ನೋಡಿ ಕಾಲ ಹೇಳಲಾಗುವುದಿಲ್ಲ. ಮೈಸೂರಿನ ಸಂತ ಫಿಲೋಮಿನಾ ಚರ್ಚಿನ ಚೂಪು ಕಮಾನು, ಜೋಡಿ ಶಿಖರ ಕಂಡವರು ಅದಕ್ಕೆ ಇನ್ನೂರು ವರ್ಷ ಕೊಟ್ಟುಬಿಡುತ್ತಾರೆ. ಅದರ ಅಡಿಗಲ್ಲು ಬಿದ್ದದ್ದು 1933ರಲ್ಲಿ, ನಾಲ್ವಡಿಯವರ ಕೈಯಿಂದ. ಅಂಬಾವಿಲಾಸ ಅರಮನೆಯನ್ನು ಪ್ರವಾಸಿಗರು ‘ಎಷ್ಟೋ ಶತಮಾನದ್ದು’ ಅನ್ನುತ್ತಾರೆ. 1897ರಲ್ಲಿ ಹಳೆಯ ಮರದ ಅರಮನೆ ಸುಟ್ಟುಹೋದ ಮೇಲೆ ಹೆನ್ರಿ ಇರ್ವಿನ್ ನಕ್ಷೆಯಂತೆ ಕಟ್ಟಿದ್ದು ಅದು, ಮುಗಿದದ್ದು 1912ರಲ್ಲಿ. ಕಟ್ಟಿಸಲು ಕೈಹಾಕಿದವರು ಆಗ ರಾಜಪ್ರತಿನಿಧಿಯಾಗಿದ್ದ ವಾಣಿವಿಲಾಸ ಸನ್ನಿಧಾನದ ಕೆಂಪನಂಜಮ್ಮಣ್ಣಿಯವರು. ‘ಇರ್ವಿನ್ ಕಟ್ಟಿದ’ ಎಂಬ ಸಾಲು ಎಲ್ಲ ಕಡೆ ಸಿಗುತ್ತದೆ. ಗಂಡನನ್ನು ಕಳೆದುಕೊಂಡು, ಎಳೆಯ ಮಗನ ಪರವಾಗಿ ರಾಜ್ಯ ನಡೆಸುತ್ತ, ಸುಟ್ಟ ಅರಮನೆಯ ಜಾಗದಲ್ಲಿ ಮತ್ತೊಂದನ್ನು ಎಬ್ಬಿಸಲು ತೀರ್ಮಾನಿಸಿದ ಹೆಣ್ಣುಮಗಳ ಹೆಸರು ಅಡಿಟಿಪ್ಪಣಿಯಲ್ಲಿರುತ್ತದೆ.

ತಪ್ಪು ಕಾಲ ಹೇಳುವುದು ಪರಂಗಿ ಕಟ್ಟಡಗಳಿಗಷ್ಟೇ ಅಂಟಿದ ರೋಗವಲ್ಲ. ತುಂಗಾ ದಂಡೆಯಲ್ಲಿರುವ ನಮ್ಮ ಶಿವಪ್ಪನಾಯಕನ ಅರಮನೆಯನ್ನೇ ನೋಡಿ. ಹೆಸರಿನ ಪ್ರಕಾರ 17ನೆಯ ಶತಮಾನದ ದೊರೆಯದು. ಆದರೆ ಈಗಿರುವ ಮರದ ಕಂಬಗಳ ಕಟ್ಟಡ 18ನೆಯ ಶತಮಾನದ್ದು, ಹೈದರಾಲಿಯ ಕಾಲದ್ದು ಎನ್ನುವ ಅಭಿಪ್ರಾಯವಿದೆ. ಅಲ್ಲಿಗೆ ಬರುವ ಶಾಲಾಮಕ್ಕಳಿಗೆ ಎರಡನ್ನೂ ಹೇಳಿದರೆ ಏನು ಹಾಳಾಗುತ್ತದೆ? ಒಬ್ಬ ದೊರೆಯ ಹೆಸರನ್ನು ಇನ್ನೊಬ್ಬನ ಕಾಲದ ಕಂಬಗಳು ಹೊತ್ತಿವೆ ಎಂದರೆ ಆ ತೊಲೆ, ಬೋದಿಗೆಗಳ ಸೊಗಸು ಕಡಿಮೆಯಾಗುತ್ತದೆಯೇ? ಇಂಥ ಕಡೆ ನಾವು ಒಂದೇ ಹೆಸರು ಬಯಸುವುದು ಕಟ್ಟಡದ ಸಲುವಾಗಿ ಅಲ್ಲ, ನಮ್ಮ ಅನುಕೂಲಕ್ಕೆ.

ಹಾಗಾದರೆ ಕಟ್ಟಡವನ್ನು ಓದುವುದು ಹೇಗೆ? ನನಗೆ ತಿಳಿದ ಒಳ್ಳೆಯ ದಾರಿ, ಅದು ಯಾವುದರಿಂದ ಆಗಿದೆ ಎಂದು ಕೇಳುವುದು. ಮಲೆನಾಡಿನ ಹಳೆಯ ಮನೆಯ ಮಾಡಿನಿಂದ ಒಂದು ಮಂಗಳೂರು ಹೆಂಚು ಇಳಿಸಿ ಮಗುಚಿ ನೋಡಿ. ಅಡಿಯಲ್ಲಿ ಅಚ್ಚೊತ್ತಿದ ಅಕ್ಷರಗಳಿರುತ್ತವೆ, ಕಾರ್ಖಾನೆಯ ಹೆಸರು, ಊರು, ಕೆಲವೊಮ್ಮೆ ಇಸವಿ. ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಶುರುಮಾಡಿದ್ದು 1865ರಲ್ಲಿ. ಆ ಮಿಷನ್ನು ಬ್ರಿಟಿಷರದಲ್ಲ, ಸ್ವಿಟ್ಜರ್ಲೆಂಡಿನದು. ಅಲ್ಲಿ ಹೆಚ್ಚಿನವರು ಜರ್ಮನ್ ಮಾತಿನವರು. ಇದೇ ಮಿಷನ್ನಿನ ಮೊಗ್ಲಿಂಗ್ 1843ರಲ್ಲಿ ‘ಮಂಗಳೂರು ಸಮಾಚಾರ’ ಹೊರಡಿಸಿದ, ಕಿಟ್ಟೆಲ್ಲನ ನಿಘಂಟು 1894ರಲ್ಲಿ ಇವರಲ್ಲೇ ಅಚ್ಚಾಯಿತು. ನಾವು ಸಾಹಿತ್ಯದವರು ನಿಘಂಟನ್ನು ನೆನೆಯುತ್ತೇವೆ, ಹೆಂಚನ್ನು ಮರೆಯುತ್ತೇವೆ. ಎರಡಕ್ಕೂ ಅಚ್ಚೊತ್ತಿದ್ದು ಒಂದೇ ಸಂಸ್ಥೆ, ಒಂದು ಕಾಗದದ ಮೇಲೆ, ಇನ್ನೊಂದು ನೇತ್ರಾವತಿ ದಂಡೆಯ ಜೇಡಿಮಣ್ಣಿನ ಮೇಲೆ. ಆ ಹೆಂಚು ಘಟ್ಟ ಹತ್ತಿ ಬಂದು ಮಲೆನಾಡಿನ ಹುಲ್ಲಿನ ಮಾಡುಗಳನ್ನು ಬದಲಿಸಿತು. ‘ಹುಲ್ಲಿನ ಮನೆಯವರು’, ‘ಹೆಂಚಿನ ಮನೆಯವರು’ ಎಂಬ ಅಂತಸ್ತಿನ ಗೆರೆಯನ್ನೂ ಎಳೆಯಿತು. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಓದುವಾಗ ಪಾದ್ರಿ, ಬೈಸಿಕಲ್ಲುಗಳ ಜತೆಗೆ ಯಾರ ಸೂರು ಯಾವುದು ಎಂಬುದನ್ನೂ ಗಮನಿಸುತ್ತ ಹೋದರೆ, ಆ ಕಾಲದ ಬದಲಾವಣೆ ಬೇರೆ ರೀತಿಯಲ್ಲಿ ಕಾಣುತ್ತದೆ.

ಕಬ್ಬಿಣದ ಕತೆ ಇನ್ನೂ ಹತ್ತಿರದ್ದು. ಲಾಲ್‌ಬಾಗಿನ ಗಾಜಿನ ಮನೆಗೆ 1889ರಲ್ಲಿ ಅಡಿಗಲ್ಲು ಹಾಕಿದರು. ಲಂಡನ್ನಿನ 1851ರ ಸ್ಫಟಿಕದ ಅರಮನೆ ಅದಕ್ಕೆ ಮಾದರಿ. ಅದರ ಎರಕದ ಕಬ್ಬಿಣ ಸ್ಕಾಟ್ಲೆಂಡಿನ ಗ್ಲಾಸ್ಗೋದಿಂದ ಹಡಗಿನಲ್ಲಿ ಬಂತು. ಅಂಬಾವಿಲಾಸದ ಕಲ್ಯಾಣಮಂಟಪದ ನವಿಲು ಬಣ್ಣದ ಕಂಬಗಳೂ ಗ್ಲಾಸ್ಗೋದವೇ. ವಿಕ್ಟೋರಿಯನ್ ಕಟ್ಟಡಕಲೆ ಎಂದರೆ ಬರೀ ಶೈಲಿಯಲ್ಲ, ಅದು ಕ್ಯಾಟಲಾಗ್ ನೋಡಿ ಕಂಬ ತರಿಸಿಕೊಳ್ಳುವ ವ್ಯಾಪಾರ ಎಂಬುದು ಇಲ್ಲಿ ತಿಳಿಯುತ್ತದೆ. ಈಗ ವಿನೋಬನಗರದಿಂದ ಸುಮಾರು ಇಪ್ಪತ್ತು ಕಿಲೋಮೀಟರು ಹೋಗಿ. ಬೆಂಕಿಪುರ ಎಂದು ಕರೆಸಿಕೊಳ್ಳುತ್ತಿದ್ದ ಭದ್ರಾವತಿಯಲ್ಲಿ 1918ರಲ್ಲಿ ಮೈಸೂರು ಸರ್ಕಾರ ಕಬ್ಬಿಣದ ಕಾರ್ಖಾನೆಗೆ ಕೈಹಾಕಿತು, 1923ರಲ್ಲಿ ಉತ್ಪಾದನೆ ಶುರುವಾಯಿತು. ವಿಶ್ವೇಶ್ವರಯ್ಯನವರು ಅದರ ಹೊಣೆ ಹೊತ್ತರು. ಕುಲುಮೆಗೆ ಬೇಕಾದ ಇದ್ದಿಲು ನಮ್ಮ ಕಾಡಿನದು. ಮುಂದೆ ಅಲ್ಲಿಯೇ ಉಕ್ಕು ಬಂತು, ಸಿಮೆಂಟೂ ಬಂತು. ಗ್ಲಾಸ್ಗೋದ ಕಂಬದಿಂದ ಭದ್ರಾವತಿಯ ಸರಳಿನವರೆಗೆ ಮೂವತ್ತೇ ಚಿಲ್ಲರೆ ವರ್ಷ. ನಮ್ಮಲ್ಲಿ ಆಧುನಿಕ ಕಟ್ಟಡಕಲೆ ಶುರುವಾಗುವುದು ಈ ಅಂತರದಲ್ಲಿ. ಅದರ ಬೆಲೆಯನ್ನೂ ಬರೆದಿಡಬೇಕು: ಎಷ್ಟೋ ಮರಗಳು ಇದ್ದಿಲಾಗಿ ಆ ಕುಲುಮೆಗೆ ಬಿದ್ದವು.

ಈ ಆಧುನಿಕತೆಗೆ ಇನ್ನೊಂದು ಮುಖವೂ ಇದೆ. 1939ರಲ್ಲಿ, ಹಿಟ್ಲರನ ಜರ್ಮನಿಯಿಂದ ತಪ್ಪಿಸಿಕೊಂಡ ಯಹೂದಿ ವಾಸ್ತುಶಿಲ್ಪಿ ಓಟ್ಟೊ ಕೋನಿಗ್ಸ್‌ಬರ್ಗರ್ ಮೈಸೂರು ಸಂಸ್ಥಾನದ ಕೆಲಸಕ್ಕೆ ಬಂದರು. ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ಅವರು ಕಟ್ಟಿದ ಕಟ್ಟಡಗಳಲ್ಲಿ ಗೋಪುರ, ಗುಮ್ಮಟಗಳ ಆಡಂಬರವಿಲ್ಲ. ಬಿಸಿಲು ಎಲ್ಲಿ ಬೀಳುತ್ತದೆ, ಗಾಳಿ ಎಲ್ಲಿಂದ ಬರುತ್ತದೆ ಎಂಬುದರ ಲೆಕ್ಕವಿದೆ. ಮುಂದೆ ಉಷ್ಣವಲಯದ ಮನೆಗಳ ಬಗ್ಗೆ ಜಗತ್ತಿನ ವಾಸ್ತುಶಿಲ್ಪ ಶಾಲೆಗಳಲ್ಲಿ ಪಠ್ಯವಾದ ಪುಸ್ತಕವನ್ನು ಇತರರೊಡನೆ ಸೇರಿ ಬರೆದವರು ಇವರೇ. ಅದಕ್ಕೆ ಬೇಕಾದ ಪಾಠದ ಒಂದು ಭಾಗ ಅವರಿಗೆ ದಕ್ಕಿದ್ದು ಮೈಸೂರು ಸೀಮೆಯಲ್ಲಿ.

ಈಗ ಕೆಡವಿದ ಆ ವಿನೋಬನಗರದ ಮನೆಗೆ ಮರಳಿ ಬರುತ್ತೇನೆ. ಅದರ ವರಾಂಡ ಮತ್ತು ವೆಂಟಿಲೇಟರು ಕಮಿಷನರುಗಳ ಕಾಲದ ಲೋಕೋಪಯೋಗಿ ಬಂಗಲೆಗಳಿಂದ ಇಳಿದು ಬಂದವು. ಬಿಸಿಗಾಳಿ ಮೇಲೇರುತ್ತದೆ, ಸೂರಿನ ಬಳಿ ಕಿಂಡಿ ಬಿಟ್ಟರೆ ಹೊರಹೋಗುತ್ತದೆ, ಅಷ್ಟೇ ಅದರ ವಿಜ್ಞಾನ. ಅಗಲ ಛಜ್ಜಾದಲ್ಲಿ ನಮ್ಮ ಹಳೆಯ ಮಾಡಿನ ಇಳಿಜಾರಿನ ನೆನಪಿದೆ. ಮಲೆನಾಡಿನ ಓರೆಮಳೆ ಕಿಟಕಿಗೆ ಹೊಡೆಯದಂತೆ ತಡೆಯುವುದು ಅದರ ಕೆಲಸ. ಮುಂದಿನ ಜಗಲಿಕಟ್ಟೆ ತೊಟ್ಟಿಮನೆಯಿಂದ ಬಂದದ್ದು. ಕಾಂಕ್ರೀಟಿನ ಸೂರು ಭದ್ರಾವತಿಯ ನಂತರದ ಕಾಲದ್ದು. ಅಂದರೆ ಅದು ಯಾರ ಕಾಲದ ಮನೆ? ನೌಕರಿಗೆಂದು ಹಳ್ಳಿಯಿಂದ ಶಿವಮೊಗ್ಗಕ್ಕೆ ಬಂದು, ಸಾಲ ಮಾಡಿ ಮೂವತ್ತು ನಲವತ್ತರ ನಿವೇಶನ ಹಿಡಿದ ಗುಮಾಸ್ತನ, ಮೇಷ್ಟರ ಕಾಲದ ಮನೆ. ಸ್ವತಂತ್ರ ಭಾರತದ ಮೊದಲ ತಲೆಮಾರು ತನಗಾಗಿ ಕಟ್ಟಿಕೊಂಡ ಸೂರು. ಅದನ್ನು ನಾವು ಎಷ್ಟು ಸಲೀಸಾಗಿ ಪರಂಗಿಯವರ ಲೆಕ್ಕಕ್ಕೆ ಬರೆದುಬಿಟ್ಟೆವು!

ಈ ಮಿಶ್ರಣಕ್ಕೆ ನಮ್ಮ ಭಾಷೆಯೇ ಸಾಕ್ಷಿ. ಮನೆ ಕಟ್ಟುವ ಮೇಸ್ತ್ರಿ ಪೋರ್ಚುಗೀಸರಿಂದ ಬಂದ ಪದ, ಗೋಡೆಯ ಅಲಮಾರೂ ಹಾಗೆಯೇ. ಕಮಾನು ಪಾರಸಿಯ ಬಿಲ್ಲು. ಬಂಗಲೆ ಬಂಗಾಳದಿಂದ ಹೊರಟು ಇಂಗ್ಲಿಷಿಗೂ ಹೋಗಿ ಎಲ್ಲ ಕಡೆ ಹಬ್ಬಿದ್ದು. ಮುಂಡಿಗೆ, ತೊಲೆ, ಜಂತೆ, ಅಂಕಣ ಇಲ್ಲಿಯವೇ. ಒಂದು ಮನೆಯ ಗೃಹಪ್ರವೇಶಕ್ಕೆ ಕರೆಯುವಷ್ಟರಲ್ಲಿ ನಾವು ನಾಲ್ಕು ನಾಡಿನ ಮಾತು ಆಡಿರುತ್ತೇವೆ. ಭಾಷೆಗೆ ಗೊತ್ತಿರುವುದು ನಮ್ಮ ವಿಮರ್ಶೆಗೆ ಗೊತ್ತಿಲ್ಲ.

ಇದಕ್ಕೆ ಒಂದು ಆಕ್ಷೇಪ ಉಂಟು, ಅದು ಹಗುರವಾದದ್ದಲ್ಲ. ವೈಸ್‌ರಾಯ್ ಬಂದ ನೆನಪಿಗೆ ಕಟ್ಟಿದ್ದು, ರೈತನ ಕಂದಾಯ ಎಣಿಸಲು ಕಟ್ಟಿದ್ದು, ಇವು ಗುಲಾಮಗಿರಿಯ ಗುರುತುಗಳಲ್ಲವೇ, ಯಾಕೆ ಉಳಿಸಬೇಕು? ಕೆಂಗಲ್ ಹನುಮಂತಯ್ಯನವರಿಗೂ ಈ ಪ್ರಶ್ನೆ ಇತ್ತು. ವಿದೇಶಿ ಅತಿಥಿಗಳು ‘ನಿಮ್ಮದೇ ಆದ ಕಟ್ಟಡ ಯಾವುದು’ ಎಂದು ಕೇಳಿದ್ದು ಅವರನ್ನು ಚುಚ್ಚಿತು ಎಂಬ ಕತೆ ಪ್ರಚಲಿತವಾಗಿದೆ. ಆದರೆ ಅವರು ಕೊಟ್ಟ ಉತ್ತರ ಗಮನಿಸಿ. ಅಠಾರಾ ಕಚೇರಿಯನ್ನು ಉರುಳಿಸಲಿಲ್ಲ, ಅದರ ಎದುರಿಗೆ ವಿಧಾನಸೌಧ ಎಬ್ಬಿಸಿದರು. 1951ರಲ್ಲಿ ನೆಹರು ಅಡಿಗಲ್ಲು ಇಟ್ಟರು, 1956ರಲ್ಲಿ ಕಟ್ಟಡ ಮುಗಿಯಿತು. ಇಂದು ಆ ರಸ್ತೆಯಲ್ಲಿ ನಿಂತರೆ ಪ್ರಶ್ನೆ ಒಂದು ಪಕ್ಕ, ಉತ್ತರ ಇನ್ನೊಂದು ಪಕ್ಕ ಕಾಣುತ್ತವೆ. ಒಂದನ್ನು ಕೆಡವಿದರೆ ಇನ್ನೊಂದರ ಅರ್ಥವೂ ಕೆಡುತ್ತದೆ. 1980ರ ದಶಕದಲ್ಲಿ ಅಠಾರಾ ಕಚೇರಿಯನ್ನು ಕೆಡವುವ ಮಾತು ಬಂದಾಗ ಎದ್ದು ನಿಂತವರು ನಮ್ಮ ನಾಗರಿಕರೇ. ಕಟ್ಟಡ ಉಳಿಯಿತು. ಬ್ರಿಟಿಷರಾದರೋ ತಮ್ಮ ವಿಕ್ಟೋರಿಯನ್ ಕಟ್ಟಡಗಳನ್ನು ತಾವೇ ಬಹುಕಾಲ ಹೀಗಳೆದರು. ಲಂಡನ್ನಿನ ಯೂಸ್ಟನ್ ನಿಲ್ದಾಣದ ಹೆಬ್ಬಾಗಿಲನ್ನು 1960ರ ದಶಕದ ಆರಂಭದಲ್ಲಿ ಒಡೆದು ಹಾಕಿದರು. ಅದನ್ನು ಉಳಿಸಲು ಕೂಗಾಡಿದವರಲ್ಲಿ ಜಾನ್ ಬೆಚಮನ್ ಎಂಬ ಕವಿಯೂ ಇದ್ದ. ಅದು ಉಳಿಯಲಿಲ್ಲ, ಆದರೆ ಆ ನಷ್ಟದ ಪಾಠದಿಂದ ಪಕ್ಕದ ಸೇಂಟ್ ಪ್ಯಾಂಕ್ರಾಸ್ ಉಳಿಯಿತು. ಕಟ್ಟಡದ ಪರವಾಗಿ ಮಾತಾಡುವುದು ಎಂಜಿನಿಯರರ ಕೆಲಸವಷ್ಟೇ ಅಲ್ಲ, ಸಾಹಿತ್ಯದವರದೂ ಹೌದು ಅನ್ನುವುದಕ್ಕೆ ಈ ಉದಾಹರಣೆ ಸಾಕು.

ಆದರೆ ಬರೀ ಅಭಿಮಾನದಿಂದ ಕಟ್ಟಡ ನಿಲ್ಲುವುದಿಲ್ಲ. ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡ ನಮ್ಮ ತಲೆಮಾರಿನ ಓದುಗರಿಗೆ ಹಳೆಯ ಪುಸ್ತಕಗಳ ಸಾಲು ಎಂದೇ ಪರಿಚಯ. ವೈಸ್‌ರಾಯ್ ಲ್ಯಾನ್ಸ್‌ಡೌನ್ ಬಂದದ್ದರ ನೆನಪಿಗೆ 1892ರಲ್ಲಿ ಕಟ್ಟಿದ್ದು. ವೈಸ್‌ರಾಯ್ ಯಾರೆಂದು ಅಲ್ಲಿ ಪುಸ್ತಕ ಕೊಂಡ ನಮಗ್ಯಾರಿಗೂ ಗೊತ್ತಿರಲಿಲ್ಲ. ಅರ್ಧ ಬೆಲೆಗೆ ಸಿಗುವ ಕಾದಂಬರಿ ಗೊತ್ತಿತ್ತು. ಕಟ್ಟಡ ಮೆಲ್ಲಗೆ ವೈಸ್‌ರಾಯನ ಕೈಯಿಂದ ಓದುಗರ ಕೈಗೆ ಬಂದಿತ್ತು. 2012ರ ಆಗಸ್ಟಿನಲ್ಲಿ ಅದರ ಒಂದು ಭಾಗ ಕುಸಿದು ನಾಲ್ವರು ಸತ್ತರು. 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗವೂ ಕುಸಿಯಿತು. ಆಮೇಲೆ ಕೆಡವಬೇಕೋ ದುರಸ್ತಿ ಮಾಡಬೇಕೋ ಎಂಬ ವಾದ ವರ್ಷಗಟ್ಟಲೆ ನಡೆದು ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿತು. ‘ಬ್ರಿಟಿಷರ ಕಾಲದ್ದು, ಅದಕ್ಕೇ ಗಟ್ಟಿ’ ಎಂಬ ನಂಬಿಕೆ ಎಷ್ಟು ಅಪಾಯಕಾರಿ ಎಂಬುದಕ್ಕೆ ಆ ನಾಲ್ಕು ಸಾವುಗಳಿಗಿಂತ ಬೇರೆ ಮಾತು ಬೇಡ. ಗಟ್ಟಿತನ ಯಾವ ದೊರೆಯ ಗುಣವೂ ಅಲ್ಲ, ಅದು ಆರೈಕೆಯ ಫಲ. ಗಾರೆಯ ಗೋಡೆ ತೇವ ಹೀರಿಕೊಂಡು ಬಿಡುತ್ತದೆ. ಅದರ ಮೇಲೆ ಸಿಮೆಂಟ್ ಬಳಿದರೆ ತೇವ ಒಳಗೇ ಉಳಿಯುತ್ತದೆ, ಗೋಡೆಯೊಳಗೆ ಹೂತ ತೊಲೆಯ ತುದಿ ಕೊಳೆಯುತ್ತದೆ, ಕಬ್ಬಿಣ ತುಕ್ಕು ಹಿಡಿದು ಉಬ್ಬಿ ಇಟ್ಟಿಗೆಯನ್ನು ಸೀಳುತ್ತದೆ. ಮಾಡಿನ ಮೇಲೆ ಮೊಳೆತ ಅರಳಿಯ ಸಸಿಯನ್ನು ಸಣ್ಣದಿರುವಾಗಲೇ ಕಿತ್ತರೆ ಹತ್ತು ನಿಮಿಷದ ಕೆಲಸ, ಬಿಟ್ಟರೆ ಕಟ್ಟಡದ ಆಯಸ್ಸು. ಇಂಗ್ಲೆಂಡಿನಲ್ಲಿ ವಿಲಿಯಂ ಮಾರಿಸ್ 1877ರಲ್ಲಿ ಹಳೆಯ ಕಟ್ಟಡಗಳ ರಕ್ಷಣೆಗೆ ಸಂಘ ಕಟ್ಟಿದಾಗ ಹೇಳಿದ ಸಾರವೂ ಇದೇ: ‘ಜೀರ್ಣೋದ್ಧಾರ’ದ ಹೆಸರಿನಲ್ಲಿ ಹೊಸದು ಮಾಡಬೇಡಿ, ದಿನನಿತ್ಯ ನೋಡಿಕೊಳ್ಳಿ. ಆತನೂ ಕವಿ.

ಕಾನೂನಿನ ಕಣ್ಣೂ ನಮ್ಮಂತೆಯೇ ಕಾಲವನ್ನಷ್ಟೇ ಎಣಿಸುತ್ತದೆ. ಕೇಂದ್ರದ 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಗೆ ಕಟ್ಟಡಕ್ಕೆ ನೂರು ವರ್ಷವಾದರೂ ಆಗಿರಬೇಕು. ಅಂದರೆ ವಿಕ್ಟೋರಿಯನ್ ಕಾಲದವು ಒಳಗೆ ಬರಬಹುದು, ಭದ್ರಾವತಿಯ ಕುಲುಮೆ ಈಗಷ್ಟೇ ಹೊಸಿಲು ದಾಟಿದೆ, ಕೋನಿಗ್ಸ್‌ಬರ್ಗರರ ಕಟ್ಟಡಗಳು ಹೊರಗೆ, ವಿನೋಬನಗರದ ಮನೆಯ ಮಾತೇ ಇಲ್ಲ. ಬ್ರಿಟಿಷರ ಕಾಲದ್ದಾದರೆ ಪರಂಪರೆ, ನಮ್ಮ ಕಾಲದ್ದಾದರೆ ಹಳೇ ಮನೆ. ನಮ್ಮ ಅಪ್ಪಂದಿರ ಸೂರಿಗೆ ಗೌರವ ಸಿಗಬೇಕಾದರೆ ಅದನ್ನು ಸುಳ್ಳೇ ಬ್ರಿಟಿಷರದ್ದು ಅನ್ನಬೇಕಾಗಿದೆ. ಆ ಹುಡುಗನ ಮಾತಿನಲ್ಲಿದ್ದ ಮರುಕಕ್ಕೆ ಬೇರೆ ಪದ ಅವನಿಗೆ ನಾವು ಕೊಟ್ಟಿರಲಿಲ್ಲ.

ಎಲ್ಲ ಹಳೆಯ ಮನೆಯನ್ನೂ ಉಳಿಸಿ ಎಂದು ನಾನು ಹೇಳುತ್ತಿಲ್ಲ. ಆ ಮನೆಯವರಿಗೆ ಇಬ್ಬರು ಗಂಡುಮಕ್ಕಳು, ಎರಡು ಸಂಸಾರಕ್ಕೆ ಎರಡು ಮಹಡಿ ಬೇಕು. ಅದು ಅವರ ಹಕ್ಕು. ಭದ್ರಾವತಿಯ ಕಾರ್ಖಾನೆಯ ಗೋಡೆ ಉಳಿದು ಅಲ್ಲಿನ ಕಾರ್ಮಿಕರ ಅನ್ನ ಹೋದರೆ ಆ ಗೋಡೆಯಿಂದ ಯಾರಿಗೆ ಲಾಭ? ನಾನು ಕೇಳುವುದು ಸಣ್ಣದು. ಉರುಳುವ ಮುಂಚೆ ಓದೋಣ. ಯಾರು ಕಟ್ಟಿಸಿದರು, ಯಾರ ಕೈ ಕಟ್ಟಿತು, ಯಾವ ಮಣ್ಣು, ಯಾವ ಕಬ್ಬಿಣ, ಆಮೇಲೆ ಯಾರು ಅದರೊಳಗೆ ಬದುಕಿದರು ಎಂಬ ನಾಲ್ಕು ಪ್ರಶ್ನೆ ಕೇಳೋಣ. ಕನ್ನಡ ಎಂ.ಎ. ವಿದ್ಯಾರ್ಥಿಯೊಬ್ಬರು ತಮ್ಮ ಬೀದಿಯ ಒಂದೇ ಮನೆಯ ಮೇಲೆ ಹತ್ತು ಪುಟ ಬರೆದರೂ ಅದು ನನ್ನ ಹಳೆಯ ಲೇಖನಕ್ಕಿಂತ ಬೆಲೆಯುಳ್ಳದ್ದು.

ಎರಡು ದಿನ ಬಿಟ್ಟು ಹೋದಾಗ ಕೆಲಸದವರು ಆ ಮನೆಯ ಸರಳುಗಳನ್ನು ನೆಟ್ಟಗೆ ಮಾಡಿ ಒಂದು ಕಡೆ ಜೋಡಿಸುತ್ತಿದ್ದರು, ಗುಜರಿಗೆ ಕೊಡಲು. ಭದ್ರಾವತಿಯದ್ದಿರಬಹುದೇ ಎಂದು ಮೇಸ್ತ್ರಿಯನ್ನು ಕೇಳಿದೆ. ಅವರು ಒಂದನ್ನು ಎತ್ತಿ ನೋಡಿ, “ಯಾರಿಗ್ ಗೊತ್ತು ಸಾರ್, ಆದ್ರೆ ಕಟ್ಟಿದವ್ನು ಚೆನ್ನಾಗೇ ಕಟ್ಟಿದ್ದ” ಅಂದರು. ಆ ಬೀದಿಯಲ್ಲಿ ಆ ಮನೆಯ ಬಗ್ಗೆ ನಾನು ಕೇಳಿದ ಸರಿಯಾದ ವಿಮರ್ಶೆ ಅದೊಂದೇ.